ಚೀಟಿ ಬರೆದರೂ, ಆಫರ್ ನೋಡಿದರೂ ದಿನಸಿ ದುಡ್ಡು ಯಾಕೆ ಸಾಲುತ್ತಿಲ್ಲ?

ಪ್ರಶ್ನೆ: ಮನೆಯಲ್ಲಿ ನಾವು ನಾಲ್ಕು ಜನ. ದಿನಸಿ, ತರಕಾರಿ, ಹಾಲು ಎಲ್ಲ ಸೇರಿ ತಿಂಗಳಿಗೆ ಇಷ್ಟೇ ಎಂದು ದುಡ್ಡು ಎತ್ತಿಡುತ್ತೇವೆ. ಕೊನೆಯ ವಾರ ಬರುವ ಮೊದಲೇ ಅದು ಖಾಲಿ. ನಾನು ಚೀಟಿ ಬರೆದುಕೊಂಡೇ ಅಂಗಡಿಗೆ ಹೋಗುತ್ತೇನೆ. ಆಫರ್ ಇದ್ದಾಗ ಜಾಸ್ತಿ ತಂದಿಡುತ್ತೇನೆ. ಉಳಿತಾಯ ಆಗಲಿ ಎಂದು ದೊಡ್ಡ ಪ್ಯಾಕೆಟ್ಟನ್ನೇ ಕೊಳ್ಳುತ್ತೇನೆ. ದುಬಾರಿ ಬ್ರಾಂಡ್‌ಗಳನ್ನು ಬಿಟ್ಟು ವರ್ಷವಾಯಿತು. ಆದರೂ ಲೆಕ್ಕ ತಪ್ಪುತ್ತಲೇ ಇದೆ. ನಾವು ಎಡವುತ್ತಿರುವುದು ಎಲ್ಲಿ? ಆದಾಯದಲ್ಲಿ ಶೇಕಡಾ ಎಷ್ಟನ್ನು ಇದಕ್ಕೆ ತೆಗೆದಿಡಬೇಕು?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಅಂಗಡಿಯಲ್ಲಿ ನೀವು ಏನೇನು ಮಾಡುತ್ತೀರಿ ಎಂದು ಚೆನ್ನಾಗಿ ಬರೆದಿದ್ದೀರಿ. ಆದರೆ ಮನೆಗೆ ಬಂದ ಮೇಲೆ ಆ ಸಾಮಾನು ಏನಾಗುತ್ತದೆ ಎಂಬ ಬಗ್ಗೆ ಒಂದು ಮಾತೂ ಇಲ್ಲ. ಇದು ನಿಮ್ಮೊಬ್ಬರ ಕಥೆಯಲ್ಲ. ಮನೆಖರ್ಚಿನ ವಿಷಯಕ್ಕೆ ಸಲಹೆ ಕೇಳುವ ಬಹುತೇಕರು ಬಿಲ್ಲಿನ ಲೆಕ್ಕ ತರುತ್ತಾರೆ, ಕಸದ ಬುಟ್ಟಿಯ ಲೆಕ್ಕ ತರುವುದಿಲ್ಲ. ದುಡ್ಡು ಸೋರುವುದು ಹೆಚ್ಚಾಗಿ ಈ ಎರಡರ ನಡುವೆಯೇ.

ಒಂದು ಕಿಲೋ ಟೊಮೇಟೊ ತಂದು ಮುಕ್ಕಾಲು ಕಿಲೋ ಮಾತ್ರ ಬಳಸಿದಿರಿ ಎಂದುಕೊಳ್ಳಿ. ಅಂಗಡಿಯವರು ಏನೇ ಬೆಲೆ ಹೇಳಿರಲಿ, ನಿಮ್ಮ ಮನೆಯ ಮಟ್ಟಿಗೆ ಟೊಮೇಟೊ ಬೆಲೆ ಮೂರನೇ ಒಂದು ಪಾಲು ಏರಿದಂತೆ. ತಿಂದ ಕಿಲೋಗೆ ಎಷ್ಟು ಬಿತ್ತು ಎಂಬುದೇ ನಿಜವಾದ ಬೆಲೆ. ಇನ್ನು ಮುಂದೆ ನಾನು ಹೇಳುವುದೆಲ್ಲ ಈ ಒಂದು ಲೆಕ್ಕದ ಸುತ್ತಲೇ ತಿರುಗುತ್ತದೆ.

ಅದಕ್ಕೂ ಮೊದಲು ಕ್ಯಾಲೆಂಡರಿನ ಒಂದು ಚಿಕ್ಕ ತಪ್ಪು ನೋಡಿಬಿಡೋಣ. ನಿಮ್ಮ ಬಜೆಟ್ಟಿನ ಮೊತ್ತ ಎಲ್ಲಿಂದ ಬಂತು? ಬಹಳ ಮಂದಿ ಒಂದು ವಾರದ ಖರ್ಚು ನೋಡಿ, ಅದನ್ನು ನಾಲ್ಕರಿಂದ ಗುಣಿಸಿ, ತಿಂಗಳಿಗೆ ಇಷ್ಟು ಎಂದುಕೊಳ್ಳುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಆದರೆ ತಿಂಗಳಿಗೆ 4 ವಾರ ಎಂದರೆ ವರ್ಷಕ್ಕೆ 48 ವಾರ ಆಯಿತು. ವರ್ಷದಲ್ಲಿ ಇರುವುದು 52. ಉಳಿದ 4 ವಾರ ಮನೆಯವರೆಲ್ಲ ಉಪವಾಸ ಇರುವುದಿಲ್ಲ ಅಲ್ವಾ? ಹಾಗಾಗಿ ವಾರದ ಖರ್ಚನ್ನು 52ರಿಂದ ಗುಣಿಸಿ 12ರಿಂದ ಭಾಗಿಸಬೇಕು. ಆಗ ತಿಂಗಳಿಗೆ 4.33 ವಾರ ಬರುತ್ತದೆ. ವ್ಯತ್ಯಾಸ ಶೇಕಡಾ 8ರಷ್ಟು. ಏನೂ ತಪ್ಪು ಮಾಡದ ಮನೆಯಲ್ಲೂ ಪ್ರತಿ ತಿಂಗಳ ಕೊನೆಯ ಎರಡು ಮೂರು ದಿನ ಕೈ ಬಿಗಿಯಾಗುವುದು ಇದರಿಂದಲೇ. ನಿಮ್ಮ ದುಡ್ಡು ಕೊನೆಯ ವಾರಕ್ಕೂ ಮೊದಲೇ ಮುಗಿಯುತ್ತದೆ ಎಂದಿದ್ದೀರಿ. ಅಂದರೆ ನಿಮ್ಮಲ್ಲಿ ಬೇರೆ ತೂತುಗಳೂ ಇವೆ. ಆದರೂ ಮೊದಲು ಇದನ್ನು ಮುಚ್ಚಿ. ಇಲ್ಲದಿದ್ದರೆ ಉಳಿದದ್ದೆಲ್ಲ ಸರಿ ಮಾಡಿದರೂ ‘ನಮ್ಮ ಕೈಲಿ ಆಗಲ್ಲ’ ಅನ್ನಿಸುತ್ತಲೇ ಇರುತ್ತದೆ.

ಇನ್ನೊಂದು, ಆ ಬಿಲ್ಲಿನಲ್ಲಿ ಏನೇನು ಸೇರಿದೆ? ಸೋಪು, ಬಟ್ಟೆ ಒಗೆಯುವ ಪುಡಿ, ಪೊರಕೆ, ಶಾಂಪೂ, ಬಲ್ಬು. ಒಂದೇ ಅಂಗಡಿಯಲ್ಲಿ ಸಿಗುತ್ತದೆ, ಒಂದೇ ಬಿಲ್ಲಿನಲ್ಲಿ ಬರುತ್ತದೆ. ಕೊನೆಗೆ ‘ಊಟಕ್ಕೆ ಇಷ್ಟೊಂದಾ’ ಎಂದು ತಲೆ ಕೆಡಿಸಿಕೊಳ್ಳುತ್ತೇವೆ. ಬಿಲ್ಲಿನ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿ, ತಿನ್ನುವುದು ಒಂದು ಕಡೆ, ತಿನ್ನದ್ದು ಒಂದು ಕಡೆ ಕೂಡಿಸಿ. ಎರಡು ನಿಮಿಷದ ಕೆಲಸ.

ಶೇಕಡಾ ಎಷ್ಟು ಎಂದು ಕೇಳಿದ್ದೀರಿ. ಇದಕ್ಕೆ ನಾನು ಅಂಕಿ ಕೊಡುವುದಿಲ್ಲ. ಅರ್ನ್ಸ್ಟ್ ಎಂಗೆಲ್ ಎಂಬ ಜರ್ಮನ್ ಅಂಕಿಅಂಶ ತಜ್ಞ 1857ರಲ್ಲೇ ಒಂದು ಮಾತು ಹೇಳಿದ. ಆದಾಯ ಹೆಚ್ಚಿದಂತೆ ಊಟದ ಖರ್ಚೂ ಹೆಚ್ಚುತ್ತದೆ, ಆದರೆ ಆದಾಯದಲ್ಲಿ ಅದರ ಪಾಲು ಇಳಿಯುತ್ತದೆ. ಕಡಿಮೆ ಸಂಬಳದ ಮನೆಯಲ್ಲಿ ಅರ್ಧದಷ್ಟು ಊಟಕ್ಕೇ ಹೋಗಬಹುದು, ದೊಡ್ಡ ಸಂಬಳದ ಮನೆಯಲ್ಲಿ ಹತ್ತನೇ ಒಂದು ಪಾಲು ಸಾಕಾಗಬಹುದು. ಮಕ್ಕಳ ವಯಸ್ಸು, ಎಷ್ಟು ಹೊತ್ತಿನ ಊಟ ಮನೆಯಲ್ಲಿ ಆಗುತ್ತದೆ, ಯಾರಿಗಾದರೂ ಪಥ್ಯ ಇದೆಯೇ, ಇವೆಲ್ಲ ಸೇರಿದರೆ ಬೇರೆಯವರ ಶೇಕಡಾ ನಿಮ್ಮ ಮನೆಗೆ ಹೊಂದುವುದೇ ಇಲ್ಲ. ನಿಮ್ಮದೇ ಕಳೆದ ಮೂರು ತಿಂಗಳ ಸರಾಸರಿ ನಿಮಗೆ ಸರಿಯಾದ ಅಳತೆ. ಅದಕ್ಕಿಂತ ಒಂದೇ ಸಲ ತುಂಬ ಕೆಳಗೆ ಇಳಿಸಲು ಹೋಗಬೇಡಿ. ಅದರ ಕಾರಣ ಆಮೇಲೆ ಹೇಳುತ್ತೇನೆ.

ಈಗ ಚೀಟಿಗೆ ಬರೋಣ. ಚೀಟಿ ಬರೆಯುವುದು ಒಳ್ಳೆಯದೇ. ಆದರೆ ಎಲ್ಲಿ ಕೂತು ಬರೆಯುತ್ತೀರಿ? ಸೋಫಾದಲ್ಲೋ, ಬಸ್ಸಿನಲ್ಲೋ ಕೂತು ನೆನಪಿನಿಂದ ಬರೆದರೆ, ಆ ಚೀಟಿಯಲ್ಲಿ ಬರುವುದು ನೀವು ಪ್ರತಿ ಸಲ ಕೊಳ್ಳುವ ಸಾಮಾನುಗಳ ಹೆಸರು. ಮನೆಯಲ್ಲಿ ಏನಿಲ್ಲ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಇದನ್ನು ನಾನೂ ಬುದ್ಧಿವಂತನಂತೆ ಹೇಳುತ್ತಿಲ್ಲ. ಒಮ್ಮೆ ಅಡುಗೆಮನೆಯ ಶೆಲ್ಫು ಒರೆಸಲು ಎಲ್ಲ ಇಳಿಸಿದಾಗ ನನಗೆ ಕಾಳುಮೆಣಸಿನ ಮೂರು ಪ್ಯಾಕೆಟ್ಟು ಸಿಕ್ಕವು. ಒಂದು ಒಡೆದದ್ದು, ಎರಡು ಹಾಗೇ ಇದ್ದವು. ಮೂರನ್ನೂ ತಂದವನು ನಾನೇ. ಪ್ರತಿ ಸಲವೂ ‘ಖಾಲಿಯಾಗಿರಬೇಕು’ ಎಂದುಕೊಂಡು ಬರೆದಿದ್ದೆ. ಹಿಂದಿನ ಸಾಲಿನಲ್ಲಿ ಕೂತ ಡಬ್ಬಿ ಕಣ್ಣಿಗೆ ಕಾಣುವುದಿಲ್ಲ, ಕಾಣದ್ದು ಮನೆಯಲ್ಲಿ ಇಲ್ಲ ಎಂದೇ ಲೆಕ್ಕ.

ಹಾಗಾಗಿ ಚೀಟಿಯನ್ನು ಅಡುಗೆಮನೆಯಲ್ಲಿ ನಿಂತು ಬರೆಯಿರಿ. ಮೊದಲು ಫ್ರಿಡ್ಜ್, ಆಮೇಲೆ ಡಬ್ಬಿಗಳು, ಕೊನೆಗೆ ಪೆನ್ನು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದಾದರೆ ಚೀಟಿಯ ಮೇಲ್ಭಾಗದಲ್ಲಿ ಬೇಗ ಕೆಡುವ ಮೂರು ನಾಲ್ಕು ವಸ್ತು ಬರೆದು, ಈ ವಾರ ಮೊದಲು ಇವು ಖರ್ಚಾಗುವ ಅಡುಗೆ ಯಾವುದು ಎಂದು ಯೋಚಿಸಿ. ಆ ಅಡುಗೆಗೆ ಏನು ಕಡಿಮೆ ಇದೆಯೋ ಅದನ್ನು ಕೆಳಗೆ ಬರೆಯಿರಿ. ಹೀಗೆ ಮಾಡಿದಾಗ ಚೀಟಿ ಎಷ್ಟು ಚಿಕ್ಕದಾಗುತ್ತದೆ ಎಂದು ನೋಡಿ ನಿಮಗೇ ಆಶ್ಚರ್ಯವಾಗಬಹುದು.

ವಾರದ ಏಳೂ ದಿನದ ಅಡುಗೆ ಮೊದಲೇ ಬರೆದಿಡಿ ಎಂದು ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಏಳು ದಿನಕ್ಕೆ ತರಕಾರಿ ತಂದಿಟ್ಟರೆ, ಒಂದು ದಿನ ನೆಂಟರ ಮನೆಯಲ್ಲಿ ಊಟ, ಒಂದು ದಿನ ಹಿಂದಿನ ದಿನದ್ದೇ ಉಳಿದಿರುತ್ತದೆ, ಇನ್ನೊಂದು ದಿನ ಯಾರಿಗೂ ಹಸಿವಿಲ್ಲ. ಆ ದಿನಗಳಿಗೆಂದು ತಂದ ತರಕಾರಿ ಫ್ರಿಡ್ಜ್‌ನ ತಳದಲ್ಲಿ ಬಾಡುತ್ತದೆ. ಐದು ದಿನಕ್ಕೆ ಯೋಚಿಸಿ ತನ್ನಿ, ಎರಡು ದಿನ ಮನೆಯಲ್ಲಿ ಉಳಿದದ್ದರಲ್ಲಿ ಸಾಗಿಸಿ. ಆರನೇ ದಿನ ಫ್ರಿಡ್ಜ್ ಖಾಲಿ ಖಾಲಿ ಕಂಡರೆ ಹೆದರಿ ಅಂಗಡಿಗೆ ಓಡಬೇಡಿ. ಅರ್ಧ ಖಾಲಿ ಫ್ರಿಡ್ಜ್ ಅಂದರೆ ತಂದದ್ದು ಹೊಟ್ಟೆಗೆ ಸೇರಿದೆ ಅಂತ ಅರ್ಥ.

ಎಸೆಯುವ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲೋಣ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಒಂದು ವರದಿ ಹೊರತಂದಿತು. ಅದರ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ ಶೇಕಡಾ 60ರಷ್ಟು ಮನೆಗಳಿಂದಲೇ ಬಂದದ್ದು. ಹೋಟೆಲು, ಅಂಗಡಿ ಎಲ್ಲ ಸೇರಿದರೂ ಮನೆಗಳ ಪಾಲನ್ನು ಮುಟ್ಟುವುದಿಲ್ಲ. ಮನೆಗಳ ವ್ಯರ್ಥವನ್ನಷ್ಟೇ ತಲೆಗೆ ಸರಾಸರಿ ಲೆಕ್ಕ ಹಾಕಿದರೆ ವರ್ಷಕ್ಕೆ 79 ಕಿಲೋ. ನಾಲ್ಕು ಜನರ ಮನೆಗೆ 300 ಕಿಲೋ ದಾಟುತ್ತದೆ. ಇದರಲ್ಲಿ ಸಿಪ್ಪೆ, ಮೂಳೆಯಂಥ ತಿನ್ನಲಾಗದ್ದೂ ಸೇರಿದೆ, ಹಾಗಾಗಿ ಪೂರ್ತಿ 300 ಕಿಲೋ ಊಟ ಚೆಲ್ಲಿದ್ದೀರಿ ಎಂದು ಗಾಬರಿ ಬೇಡ. ಆದರೂ ಸಣ್ಣ ಅಂಕಿಯಲ್ಲ. ಈ ವರದಿ ಹೇಳುವ ಇನ್ನೊಂದು ಮಾತು ನನಗೆ ಮುಖ್ಯ ಅನ್ನಿಸಿತು. ಮನೆಯ ಮಟ್ಟದ ವ್ಯರ್ಥ ಶ್ರೀಮಂತ ದೇಶಗಳ ಚಾಳಿ ಮಾತ್ರ ಅಲ್ಲ, ಶ್ರೀಮಂತ ದೇಶಗಳಲ್ಲೂ ಮಧ್ಯಮ ಆದಾಯದ ದೇಶಗಳಲ್ಲೂ ತಲೆಗೆ ಆಗುವ ವ್ಯರ್ಥ ಹೆಚ್ಚುಕಡಿಮೆ ಒಂದೇ.

‘ನಾವು ಏನೂ ಎಸೆಯುವುದಿಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳು ಹೇಳುವುದಲ್ಲ, ನಿಜವಾಗಿಯೂ ಹಾಗೇ ಅನ್ನಿಸುತ್ತದೆ. ಏಕೆಂದರೆ ಒಂದೇ ಸಲ ದೊಡ್ಡದಾಗಿ ಎಸೆಯುವುದು ಅಪರೂಪ. ಇವತ್ತು ಕೊಳೆತ ಅರ್ಧ ಕಟ್ಟು ಸೊಪ್ಪು, ನಾಳೆ ಬೂಷ್ಟು ಹಿಡಿದ ಎರಡು ತುಂಡು ಬ್ರೆಡ್, ನಾಡಿದ್ದು ‘ನಾಳೆ ತಿನ್ನೋಣ’ ಎಂದು ಮುಚ್ಚಿಟ್ಟು ನಾಲ್ಕು ದಿನವಾದ ಅನ್ನ. ಆ ಸೊಪ್ಪು ಬಿಸಾಡುವಾಗ ಕೈಯಿಂದ ನಾಣ್ಯ ಜಾರಿದ ಸದ್ದು ಬರುವುದಿಲ್ಲ. ದುಡ್ಡು ಹಿಂದಿನ ವಾರವೇ ಹೋಗಿದೆ, ಬಿಲ್ಲೂ ಕಳೆದುಹೋಗಿದೆ.

ಇದನ್ನು ತಡೆಯಲು ದೊಡ್ಡ ವಿದ್ಯೆ ಬೇಕಿಲ್ಲ. ಹೊಸದು ತಂದಾಗ ಹಳೆಯದನ್ನು ಮುಂದಕ್ಕೆ ಎಳೆದು ಹೊಸದನ್ನು ಹಿಂದೆ ಇಡಿ. ಗೋದಾಮುಗಳಲ್ಲಿ ಇದೇ ಪದ್ಧತಿ: ಮೊದಲು ಬಂದದ್ದು ಮೊದಲು ಹೊರಗೆ. ಫ್ರಿಡ್ಜ್ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರಲಿ. ಅದರ ಬಾಗಿಲಿನ ಗೂಡುಗಳು ಒಳಗಿಗಿಂತ ಬೆಚ್ಚಗಿರುತ್ತವೆ, ಪದೇ ಪದೇ ತೆರೆಯುವುದರಿಂದ ಇನ್ನೂ ಏರುಪೇರು. ಆದರೆ ನಾವು ಹಾಲನ್ನು ಇಡುವುದು ಅಲ್ಲೇ! ಅದನ್ನು ಒಳಗೆ ತಳ್ಳಿ, ಬಾಗಿಲಿನಲ್ಲಿ ಸಾಸ್, ಉಪ್ಪಿನಕಾಯಿ ಇಡಿ. ಸೊಪ್ಪು ಒದ್ದೆಯಾಗಿದ್ದರೆ ಬೇಗ ಕೊಳೆಯುತ್ತದೆ. ನೀರು ಒರೆಸಿ ಒಣ ಬಟ್ಟೆಯಲ್ಲೋ ಕಾಗದದಲ್ಲೋ ಸುತ್ತಿ ಇಟ್ಟರೆ ಒಂದೆರಡು ದಿನ ಜಾಸ್ತಿ ಬಾಳುತ್ತದೆ. ಬಾಳೆಹಣ್ಣು, ಸೇಬು, ಹಣ್ಣಾದ ಟೊಮೇಟೊ ಇವುಗಳಿಂದ ಎಥಿಲೀನ್ ಎಂಬ ಅನಿಲ ಹೊರಬರುತ್ತದೆ. ಪಕ್ಕದಲ್ಲಿರುವುದನ್ನೂ ಅದು ಬೇಗ ಹಣ್ಣು ಮಾಡುತ್ತದೆ, ಸೊಪ್ಪನ್ನು ಹಳದಿ ಮಾಡುತ್ತದೆ. ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿಯುವ ಅಭ್ಯಾಸವಿದ್ದರೆ ಬಿಡಿ. ಬೇಯಿಸಿದ ಅಡುಗೆ ಎರಡು ಗಂಟೆಯೊಳಗೆ ಫ್ರಿಡ್ಜ್ ಸೇರಲಿ, ಮೂರು ನಾಲ್ಕು ದಿನದೊಳಗೆ ಮುಗಿಯಲಿ. ಉಳಿದ ಅಡುಗೆಯನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಳಗೇನಿದೆ ಎಂದು ಯಾರೂ ತೆರೆದು ನೋಡುವುದಿಲ್ಲ. ಪಾರದರ್ಶಕ ಡಬ್ಬಿ ಇದ್ದರೆ ಒಳ್ಳೆಯದು, ಇಲ್ಲವಾದರೆ ಮೇಲೆ ಒಂದು ಚೀಟಿ ಅಂಟಿಸಿ.

ತಾರೀಖಿನ ಗೊಂದಲವೂ ದುಡ್ಡು ತಿನ್ನುತ್ತದೆ. ಪ್ಯಾಕೆಟ್ಟಿನ ಮೇಲಿನ ‘ಬೆಸ್ಟ್ ಬಿಫೋರ್’ ಮತ್ತು ‘ಯೂಸ್ ಬೈ’ ಒಂದೇ ಅಲ್ಲ. ಮೊದಲನೆಯದು ರುಚಿ, ಗರಿಗರಿ, ಪರಿಮಳದ ಮಾತು. ಆ ದಿನ ದಾಟಿದ ಬಿಸ್ಕತ್ತು ಸ್ವಲ್ಪ ಮೆತ್ತಗಾಗಿರಬಹುದು, ವಿಷವಾಗಿರುವುದಿಲ್ಲ. ಎರಡನೆಯದು ಸುರಕ್ಷತೆಯ ಮಾತು, ಮಾಂಸ, ಮೀನಿನಂಥ ಬೇಗ ಕೆಡುವ ಪದಾರ್ಥಗಳ ಮೇಲೆ ಇರುತ್ತದೆ. ಅದನ್ನು ಮೀರಬೇಡಿ. ಎರಡಕ್ಕೂ ಒಂದೇ ನಿಯಮ ಹಾಕಿ ಎಸೆಯುವ ಮನೆಗಳಲ್ಲಿ ಚೆನ್ನಾಗಿರುವ ಸಾಮಾನು ಎಷ್ಟೋ ಕಸಕ್ಕೆ ಹೋಗುತ್ತದೆ.

ಇಲ್ಲಿಗೆ ನಿಮ್ಮ ಆಫರ್ ಮತ್ತು ದೊಡ್ಡ ಪ್ಯಾಕೆಟ್ಟಿನ ವಿಷಯ ಬರುತ್ತದೆ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಉಳಿತಾಯದ ಉಪಾಯವೇ ನಿಮ್ಮ ಖರ್ಚಿನ ದಾರಿ ಆಗಿರುವ ಸಾಧ್ಯತೆ ಇದೆ.

ಒಂದು ಲೆಕ್ಕ ನೋಡಿ. ದೊಡ್ಡ ಪ್ಯಾಕೆಟ್ಟಿನಲ್ಲಿ ಕಿಲೋಗೆ ಶೇಕಡಾ 20 ಕಡಿಮೆ ಬೀಳುತ್ತದೆ. ಐದರಲ್ಲಿ ಒಂದು ಪಾಲು ಕೆಟ್ಟು ಹೋದರೆ ಆ ಲಾಭ ಪೂರ್ತಿ ಮಾಯ. ತಿಂದ ಕಿಲೋಗೆ ಚಿಕ್ಕ ಪ್ಯಾಕೆಟ್ಟಿನ ಬೆಲೆಯೇ ಬಿತ್ತು. ಐದರಲ್ಲಿ ಒಂದಕ್ಕಿಂತ ಜಾಸ್ತಿ ಕೆಟ್ಟರೆ ನಷ್ಟ. ‘ಎರಡು ಕೊಂಡರೆ ಮೂರನೆಯದು ಉಚಿತ’ ಎಂಬಲ್ಲಿ ನಿಮಗೆ ಬೇಕಿದ್ದದ್ದು ಒಂದೇ ಆದರೆ, ಒಂದರ ಕೆಲಸಕ್ಕೆ ಎರಡರ ದುಡ್ಡು ಕೊಟ್ಟು ಬಂದಿರಿ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗೆ. ಸೋಪು, ಉಪ್ಪು, ಸಕ್ಕರೆಯಂಥ ಕೆಡದ ಸಾಮಾನಿಗೆ ಇಂಥ ಆಫರ್ ನಿಜಕ್ಕೂ ಲಾಭ. ಸೊಪ್ಪು, ಮೊಸರು, ಬ್ರೆಡ್ಡಿಗೆ ಅಪರೂಪಕ್ಕೆ ಲಾಭ. ಎಣ್ಣೆ ಮತ್ತು ಬೀಜಗಳು ಇವೆರಡರ ನಡುವೆ. ಕೆಟ್ಟಂತೆ ಕಾಣುವುದಿಲ್ಲ, ಆದರೆ ಒಡೆದ ಮೇಲೆ ಗಾಳಿ, ಬೆಳಕು ತಾಗಿ ಕಮಟು ವಾಸನೆ ಹಿಡಿಯುತ್ತವೆ. ಇನ್ನೊಂದು, ದೊಡ್ಡ ಡಬ್ಬ ತುಂಬ ಎಣ್ಣೆ ಇದ್ದಾಗ ಕೈ ಧಾರಾಳವಾಗುತ್ತದೆ. ಬಾಟಲಿಯ ತಳ ಕಾಣುವಾಗ ನಾವೇ ಚಮಚದಲ್ಲಿ ಅಳೆದು ಹಾಕುತ್ತೇವೆ. ನಿಮ್ಮ ಮನೆಯಲ್ಲೂ ಹೀಗೇ ಇರಬೇಕು, ಗಮನಿಸಿ.

ದೊಡ್ಡದು ಯಾವಾಗಲೂ ಅಗ್ಗ ಎಂಬುದೂ ನಿಜವಲ್ಲ. ರೂಪಾಯಿಯೋ ಡಾಲರೋ, ಯಾವ ಹಣವಾದರೂ ಸರಿ, 400 ಗ್ರಾಂ ಪ್ಯಾಕೆಟ್ಟಿಗೆ 90, ಒಂದು ಕಿಲೋ ಪ್ಯಾಕೆಟ್ಟಿಗೆ 240 ಎಂದುಕೊಳ್ಳಿ. ಚಿಕ್ಕದರಲ್ಲಿ 100 ಗ್ರಾಂಗೆ 22.50 ಬಿತ್ತು, ದೊಡ್ಡದರಲ್ಲಿ 24. ದೊಡ್ಡದೇ ದುಬಾರಿ! ಇಂಥದ್ದು ನಿಜವಾಗಿಯೂ ಶೆಲ್ಫಿನಲ್ಲಿ ಇರುತ್ತದೆ. ದೊಡ್ಡ ಪ್ಯಾಕೆಟ್ಟು ಎತ್ತಿಕೊಳ್ಳುವವರು ಲೆಕ್ಕ ಹಾಕುವುದಿಲ್ಲ ಎಂದು ಮಾರುವವರಿಗೆ ಗೊತ್ತು. ಫೋನಿನ ಕ್ಯಾಲ್ಕುಲೇಟರ್ ತೆಗೆದು ಬೆಲೆಯನ್ನು ಗ್ರಾಂನಿಂದ ಭಾಗಿಸಿ, ನೂರರಿಂದ ಗುಣಿಸಿ. ಎಲ್ಲದಕ್ಕೂ ಬೇಡ, ಪ್ರತಿ ತಿಂಗಳೂ ಕೊಳ್ಳುವ ಹತ್ತು ಹನ್ನೆರಡು ಸಾಮಾನಿಗೆ ಸಾಕು.

ಪ್ಯಾಕೆಟ್ಟು ತೆಳ್ಳಗಾಗುವ ಆಟವೂ ಇದೆ. ಬೆಲೆ ಅದೇ, ಡಬ್ಬಿ ಅದೇ, ಒಳಗಿನ ತೂಕ ಮಾತ್ರ ಇಳಿದಿರುತ್ತದೆ. 2016ರಲ್ಲಿ ಬ್ರಿಟನ್ನಿನಲ್ಲಿ ಟೊಬ್ಲರೋನ್ ಚಾಕೊಲೇಟು ಹೀಗೇ ಸುದ್ದಿಯಾಯಿತು. 170 ಗ್ರಾಂ ಇದ್ದದ್ದು 150 ಗ್ರಾಂ ಆಯಿತು, ತ್ರಿಕೋನಗಳ ನಡುವಿನ ಸಂದು ಅಗಲವಾಯಿತು. ಅಲ್ಲಿ ಆಕಾರವೇ ಗುಟ್ಟು ಬಿಟ್ಟುಕೊಟ್ಟಿತು. ಪುಡಿ, ಬಿಸ್ಕತ್ತು, ಸೋಪಿನಲ್ಲಿ ಹಾಗೆ ಗೊತ್ತಾಗುವುದಿಲ್ಲ. ಫ್ರಾನ್ಸಿನಲ್ಲಿ 2024ರ ಜುಲೈನಿಂದ ದೊಡ್ಡ ಅಂಗಡಿಗಳು ಇಂಥ ಸಾಮಾನಿನ ಬಳಿ ಸೂಚನೆ ಹಾಕಬೇಕೆಂಬ ನಿಯಮವೇ ಬಂದಿದೆ. ‘ನಾವು ಮೊದಲಿನಷ್ಟೇ ಪ್ಯಾಕೆಟ್ಟು ತರುತ್ತಿದ್ದೇವೆ, ಆದರೆ ಬೇಗ ಮುಗಿಯುತ್ತಿದೆ’ ಎಂದು ಅನ್ನಿಸಿದರೆ ಮನೆಯವರನ್ನು ಬೈಯುವ ಮೊದಲು ನಿವ್ವಳ ತೂಕ ಓದಿ.

ಆಫರ್‌ಗಳ ಇನ್ನೊಂದು ಪೆಟ್ಟು ನಮ್ಮ ತಲೆಯೊಳಗೆ ಬೀಳುತ್ತದೆ. ಒಂದು ಕಡೆ ‘ಉಳಿಸಿದೆ’ ಅನ್ನಿಸಿದ ತಕ್ಷಣ ಇನ್ನೊಂದು ಕಡೆ ಖರ್ಚು ಮಾಡಲು ಮನಸ್ಸು ಅನುಮತಿ ಕೊಟ್ಟುಬಿಡುತ್ತದೆ. ಮನಸ್ಸು ದುಡ್ಡನ್ನು ಬೇರೆ ಬೇರೆ ಜೇಬಿನಲ್ಲಿ ಇಟ್ಟಂತೆ ಲೆಕ್ಕ ಹಾಕುತ್ತದೆ ಎಂಬುದನ್ನು ವಿವರಿಸಿದವರಲ್ಲಿ ಪ್ರಮುಖರು 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್. ಆನ್‌ಲೈನ್ ದಿನಸಿ ಅಂಗಡಿಯೊಂದರ ಗ್ರಾಹಕರ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ಕಂಡಿತು. ರಿಯಾಯಿತಿ ಕೂಪನ್ ಬಳಸಿದವರು ತಾವು ಸಾಮಾನ್ಯವಾಗಿ ಕೊಳ್ಳದ ವಸ್ತುಗಳ ಮೇಲೆ ಜಾಸ್ತಿ ಖರ್ಚು ಮಾಡಿದ್ದರು. ಕೂಪನ್ನಿನಿಂದ ಅವರ ವರ್ಷದ ಆದಾಯವೇನೂ ಬದಲಾಗಿರಲಿಲ್ಲ. ಬಿಲ್ಲಿನ ಕೊನೆಯಲ್ಲಿ ‘ನೀವು ಇಂದು ಇಷ್ಟು ಉಳಿಸಿದ್ದೀರಿ’ ಎಂದು ಅಚ್ಚು ಹಾಕಿರುತ್ತಾರಲ್ಲ, ಆ ಸಾಲು ಓದಲೇಬೇಡಿ. ಅದರ ಮೇಲಿನ ಮೊತ್ತ ಓದಿ.

ಆ್ಯಪ್‌ಗಳಲ್ಲಿ ತರಿಸುವ ಅಭ್ಯಾಸವಿದ್ದರೆ ಅಲ್ಲೂ ಇದೇ ಮಾಯೆ. ಮನೆಗೆ ತಲುಪಿಸುವ ಶುಲ್ಕ ತಪ್ಪಿಸಲು ಇನ್ನೆರಡು ಸಾಮಾನು ಸೇರಿಸುತ್ತೇವೆ. ಸೇರಿಸಿದ್ದು ಶುಲ್ಕದ ಮೂರು ನಾಲ್ಕು ಪಟ್ಟು ಆಗಿರುತ್ತದೆ. ಮುಂದಿನ ವಾರ ಹೇಗೂ ಕೊಳ್ಳಬೇಕಿದ್ದ ಅಕ್ಕಿಯೋ ಸೋಪೋ ಆದರೆ ಸರಿ. ಚಿಪ್ಸು, ಬಿಸ್ಕತ್ತು ಆದರೆ ಶುಲ್ಕ ಕೊಡುವುದೇ ಅಗ್ಗವಾಗಿತ್ತು.

ಅದಕ್ಕಿಂತ ದೊಡ್ಡ ತೂತು ‘ಒಂದೇ ಒಂದು ಸಾಮಾನಿಗೆ’ ಹೋಗಿ ಬರುವುದು. ಹಾಲು ತರಲು ಹೋದವರು ಹಾಲು ಮಾತ್ರ ತಂದದ್ದನ್ನು ನಾನಂತೂ ಹೆಚ್ಚು ನೋಡಿಲ್ಲ. ಹಾಗೆ ತಂದ ಎರಡು ಮೂರು ಚಿಲ್ಲರೆ ಸಾಮಾನು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ತಿಂಗಳ ದೊಡ್ಡ ಬಿಲ್ಲು ಮಾತ್ರ ನೆನಪಿರುತ್ತದೆ, ವಾರಕ್ಕೆ ನಾಲ್ಕು ಸಲದ ಸಣ್ಣ ಬಿಲ್ಲು ನೆನಪಿರುವುದಿಲ್ಲ. ನಿಮ್ಮ ಬ್ಯಾಂಕ್ ಖಾತೆಯ ಅಥವಾ ಫೋನ್ ಪಾವತಿಯ ಪಟ್ಟಿ ತೆಗೆದು ಕಳೆದ ತಿಂಗಳು ಅಂಗಡಿಗಳಿಗೆ ಎಷ್ಟು ಸಲ ಪಾವತಿಸಿದ್ದೀರಿ ಎಂದು ಸುಮ್ನೆ ಎಣಿಸಿ. ಮೊತ್ತ ಬೇಡ, ಸಲ ಎಣಿಸಿ. ಆ ಸಂಖ್ಯೆಯನ್ನು ಅರ್ಧ ಮಾಡುವುದು, ಬ್ರಾಂಡ್ ಬದಲಿಸುವುದಕ್ಕಿಂತ ಸುಲಭ.

ಅಂಗಡಿಗಳು ನಮ್ಮಿಂದ ಜಾಸ್ತಿ ಕೊಳ್ಳಿಸಲು ಕಲಿತದ್ದು ನಿನ್ನೆ ಮೊನ್ನೆಯಲ್ಲ. ಗಿರಾಕಿಯೇ ಒಳಗೆ ಓಡಾಡಿ ಸಾಮಾನು ಎತ್ತಿಕೊಳ್ಳುವ ಪದ್ಧತಿ ದಿನಸಿ ಅಂಗಡಿಗೆ ಬಂದದ್ದು 1916ರಲ್ಲಿ, ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತೆರೆದ ಅಂಗಡಿಯಿಂದ. ಅದಕ್ಕೂ ಮೊದಲು ಕೌಂಟರಿನ ಆಚೆ ನಿಂತವರು ನೀವು ಹೇಳಿದ್ದನ್ನಷ್ಟೇ ಕೊಡುತ್ತಿದ್ದರು. 1937ರಲ್ಲಿ ಒಕ್ಲಹೋಮ ಸಿಟಿಯ ಸಿಲ್ವನ್ ಗೋಲ್ಡ್‌ಮನ್ ಚಕ್ರದ ಗಾಡಿ ತಂದ. ಕೈಬುಟ್ಟಿ ಭಾರವಾದ ಕೂಡಲೇ ಜನ ಕೊಳ್ಳುವುದನ್ನು ನಿಲ್ಲಿಸುತ್ತಾರೆ ಎಂದು ಅವನು ಗಮನಿಸಿದ್ದ. ಗಾಡಿ ಇರುವುದೇ ಕೈಗೆ ಭಾರ ಗೊತ್ತಾಗಬಾರದೆಂದು. ನೀವು ಅದನ್ನೇ ತಿರುಗಿಸಿ ಬಳಸಿಕೊಳ್ಳಬಹುದು. ಐದಾರು ಸಾಮಾನು ತರುವುದಿದ್ದರೆ ಗಾಡಿ ಮುಟ್ಟಬೇಡಿ, ಕೈಯಲ್ಲಿ ಹಿಡಿಯುವ ಬುಟ್ಟಿ ಸಾಕು. ತೋಳು ನೋಯುವಾಗ ಆಸೆ ತಾನಾಗಿಯೇ ಕಡಿಮೆಯಾಗುತ್ತದೆ.

ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋಗಬೇಡಿ ಎಂಬ ಮಾತು ನೀವು ಕೇಳಿರುತ್ತೀರಿ. ನಾನೂ ಹೇಳುತ್ತೇನೆ. ಆದರೆ ಒಂದು ವಿಷಯ ತಿಳಿದಿರಲಿ. ಇದಕ್ಕೆ ಸಾಕ್ಷಿಯೆಂದು ಬಹಳ ಕಡೆ ತೋರಿಸುತ್ತಿದ್ದ 2013ರ ಒಂದು ಸಂಶೋಧನಾ ಲೇಖನವನ್ನು ಅದನ್ನು ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯೇ 2018ರಲ್ಲಿ ಹಿಂತೆಗೆದುಕೊಂಡಿತು. ಅಂಕಿಅಂಶ ನಂಬುವಂತಿರಲಿಲ್ಲ. ಹಾಗಾಗಿ ಇದನ್ನು ವಿಜ್ಞಾನದ ತೀರ್ಪು ಎಂದು ತೆಗೆದುಕೊಳ್ಳಬೇಡಿ, ಅನುಭವದ ಮಾತು ಎಂದು ತೆಗೆದುಕೊಳ್ಳಿ. ನಿಮ್ಮ ಮನೆಯಲ್ಲಿ ನಿಜವೋ ಇಲ್ಲವೋ ಎಂದು ಎರಡು ವಾರ ನೋಡಿದರೆ ಗೊತ್ತಾಗುತ್ತದೆ.

ಕಾರ್ಡು, ಫೋನ್ ಪಾವತಿಯ ಬಗ್ಗೆ ಸಾಕ್ಷಿ ಇನ್ನೂ ಗಟ್ಟಿ. 2001ರಲ್ಲಿ ಪ್ರಕಟವಾದ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಆಟದ ಟಿಕೆಟ್ ಹರಾಜು ಹಾಕಿದಾಗ, ಕ್ರೆಡಿಟ್ ಕಾರ್ಡಿನಲ್ಲಿ ಕೊಡುವವರು ನಗದು ಕೊಡುವವರ ಎರಡು ಪಟ್ಟಿನಷ್ಟು ಬೆಲೆ ಕೂಗಿದ್ದರು. ಟಿಕೆಟ್ಟಿಗೂ ಟೊಮೇಟೊಗೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೂ ವಾರದ ಚಿಲ್ಲರೆ ಖರೀದಿಗೆ ಮಾತ್ರ ನಗದು ಎತ್ತಿಟ್ಟು ನೋಡಿ. ಕವರಿನಲ್ಲಿ ನೋಟು ಕಡಿಮೆಯಾಗುವುದು ಕಣ್ಣಿಗೆ ಕಾಣುತ್ತದೆ.

ತುಂಬ ಕೆಳಗೆ ಇಳಿಸಬೇಡಿ ಎಂದಿದ್ದೆನಲ್ಲ, ಕಾರಣ ಇಲ್ಲಿದೆ. ಬಜೆಟ್ ಬಿಗಿ ಮಾಡಿದ ಮನೆಗಳಲ್ಲಿ ಮೊದಲು ಹೋಗುವುದು ಬೇಗ ಆಗುವ ಅಡುಗೆಯ ಸಾಮಾನು. ಹೆಚ್ಚಿಟ್ಟ ತರಕಾರಿ ದುಬಾರಿ, ಬೇಡ. ಸಂಜೆಯ ತಿಂಡಿ ಬೇಡ. ಎಲ್ಲ ಮೊದಲಿನಿಂದ ಮಾಡೋಣ. ಒಂದು ವಾರ ನಡೆಯುತ್ತದೆ. ಎರಡನೇ ವಾರದ ಒಂದು ಸಂಜೆ ಎಲ್ಲರೂ ಸುಸ್ತಾಗಿ ಬಂದಿರುತ್ತಾರೆ, ಹೆಚ್ಚಲು ಯಾರಿಗೂ ಕೈ ಏಳುವುದಿಲ್ಲ. ಹೊರಗಿನಿಂದ ಊಟ ತರಿಸುತ್ತೇವೆ. ಆ ಖರ್ಚು ದಿನಸಿ ಲೆಕ್ಕಕ್ಕೆ ಬರುವುದಿಲ್ಲ, ‘ಮನರಂಜನೆ’ಗೋ ‘ಇತರೆ’ಗೋ ಸೇರುತ್ತದೆ. ಅಂದು ಮಾಡಬೇಕಿದ್ದ ತರಕಾರಿ ಇನ್ನೆರಡು ದಿನದಲ್ಲಿ ಬಾಡುತ್ತದೆ. ಒಂದು ಊಟಕ್ಕೆ ಎರಡು ಸಲ ದುಡ್ಡು ಕೊಟ್ಟಿದ್ದೀರಿ, ಯಾವ ಬಿಲ್ಲೂ ಅದನ್ನು ತೋರಿಸುವುದಿಲ್ಲ. ಹೀಗಾಗಿ ಹೊರಗಿನ ಊಟದ ಖರ್ಚನ್ನೂ ದಿನಸಿ ಖರ್ಚನ್ನೂ ಪಕ್ಕಪಕ್ಕದಲ್ಲಿ ಬರೆದು ಕೂಡಿಸಿ ನೋಡಿ. ಒಂದು ಇಳಿದು ಇನ್ನೊಂದು ಏರುತ್ತಿದ್ದರೆ ಉಳಿತಾಯ ಆಗಿಲ್ಲ. ಸುಸ್ತಿನ ಸಂಜೆಗೆಂದೇ ಹದಿನೈದು ನಿಮಿಷದಲ್ಲಿ ಆಗುವ ಒಂದೆರಡು ಅಡುಗೆಯ ಸಾಮಾನು ಸದಾ ಇರಲಿ. ಅದು ಸ್ವಲ್ಪ ದುಬಾರಿಯಾದರೂ ಪರವಾಗಿಲ್ಲ. ನನ್ನ ಲೆಕ್ಕದಲ್ಲಿ ಅದು ದುಂದು ಅಲ್ಲವೇ ಅಲ್ಲ.

ಮನೆಯಲ್ಲಿ ತರುವವರು ಒಬ್ಬರು, ಬೇಯಿಸುವವರು ಇನ್ನೊಬ್ಬರು ಆಗಿದ್ದರೆ ಇನ್ನೊಂದು ತೊಂದರೆ. ತರುವವರಿಗೆ ಬೆಲೆ ಗೊತ್ತು, ಏನು ಕೆಟ್ಟಿತು ಎಂದು ಗೊತ್ತಿಲ್ಲ. ಬೇಯಿಸುವವರಿಗೆ ಏನು ಕೆಟ್ಟಿತು ಎಂದು ಗೊತ್ತು, ಬೆಲೆ ಗೊತ್ತಿಲ್ಲ. ಇಬ್ಬರೂ ವಾರಕ್ಕೊಮ್ಮೆ ಹತ್ತು ನಿಮಿಷ ಕೂತು ಮಾತಾಡಬೇಕು. ತಪ್ಪು ಯಾರದು ಎಂದು ಶುರುವಾದರೆ ಹತ್ತು ನಿಮಿಷ ಒಂದು ಗಂಟೆಯಾಗುತ್ತದೆ, ಅದು ನಿಮಗೆ ಬಿಟ್ಟದ್ದು.

ಈ ತಿಂಗಳು ಹೀಗೆ ಮಾಡಿ. ಕೊಳ್ಳುವ ರೀತಿ ಏನೂ ಬದಲಿಸಬೇಡಿ, ಎಂದಿನಂತೆಯೇ ಇರಿ. ಫ್ರಿಡ್ಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಪೆನ್ಸಿಲ್ ನೇತು ಹಾಕಿ. ಏನು ಎಸೆದರೂ ಅದರಲ್ಲಿ ಒಂದು ಸಾಲು: ಏನು, ಸುಮಾರು ಎಷ್ಟು, ಯಾಕೆ. ‘ಸೊಪ್ಪು, ಅರ್ಧ ಕಟ್ಟು, ಮರೆತೆ.’ ‘ಬ್ರೆಡ್, ನಾಲ್ಕು ತುಂಡು, ಆಫರ್‌ನಲ್ಲಿ ಎರಡು ತಂದಿದ್ದೆ.’ ಮಕ್ಕಳು ಬರೆದರೂ ಸರಿ. ಇನ್ನೊಂದು ಕಡೆ ಎಲ್ಲ ಬಿಲ್ಲುಗಳು ಒಂದು ಡಬ್ಬಿಯಲ್ಲಿ ಬೀಳಲಿ, ಚಿಲ್ಲರೆಯದ್ದೂ. ನಾಲ್ಕು ವಾರ ಕಳೆದ ಮೇಲೆ ಹಾಳೆ ತೆಗೆದು, ಮೂರು ಸಲಕ್ಕಿಂತ ಜಾಸ್ತಿ ಬಂದ ಹೆಸರಿಗೆ ಸುತ್ತು ಹಾಕಿ. ಸಾಮಾನ್ಯವಾಗಿ ನಾಲ್ಕೈದು ಹೆಸರಷ್ಟೇ ಇರುತ್ತವೆ. ಮುಂದಿನ ತಿಂಗಳು ಅವುಗಳನ್ನು ಮಾತ್ರ ಅರ್ಧ ಪ್ರಮಾಣದಲ್ಲಿ ತನ್ನಿ, ಉಳಿದದ್ದಕ್ಕೆ ಕೈ ಹಚ್ಚಬೇಡಿ. ಆಮೇಲೆ ಬೇಕಿದ್ದರೆ ಆ ಹಾಳೆಯನ್ನೂ ಎರಡು ತಿಂಗಳ ಮೊತ್ತವನ್ನೂ ನನಗೆ ಬರೆದು ಕಳಿಸಿ, ಮುಂದಿನ ತೂತು ಯಾವುದು ಎಂದು ಒಟ್ಟಿಗೆ ಹುಡುಕೋಣ.